ನಾಳೆ, ಐದರ ಮೇಲೆ

ಕೋಡಿಬಾಗದಲ್ಲಿ ಬಸ್ಸು ತಿರುಗುವ ಕಡೆ
ಹತ್ತಡಿ ಉದ್ದ, ಏಳಡಿ ಅಗಲ, ನನ್ನ ಅಂಗಡಿ.
ಮೇ ಇಪ್ಪತ್ನಾಲ್ಕು. ಮೂಲೆಯಲ್ಲಿ ನೀಲಿ ಬಟ್ಟೆಯ ರಾಶಿ,
ಅದರ ಮೇಲೆ ಬಿಳಿಯದು,
ಅದರ ಮೇಲೆ ಯಾರದೋ ಬೆಕ್ಕು.
ನೂರಾ ಹನ್ನೊಂದು ಜೊತೆ. ಒಂದನೇ ತಾರೀಕು ಶಾಲೆ.
ನಾನು ಒಬ್ಬಳು. ಮಶಿನ್ನು ಒಂದೂವರೆ:
ಹಳೆಯದು ದಪ್ಪ ಬಟ್ಟೆ ಕಂಡರೆ ದಾರ ಕಡಿಯುತ್ತದೆ.

ಬಾಗಿಲಲ್ಲಿ ತಾಂಡೇಲರ ಮನೆಯಾಕೆ,
ಕೈಯ ಚೀಲದಿಂದ ಬಂಗಡೆಯ ನೀರು ತೊಟ್ಟಿಕ್ಕುತ್ತಿದೆ.
"ಆಯ್ತೇನೇ ಸುಗಂಧಾ?"
"ನಾಳೆ, ಐದರ ಮೇಲೆ."
ನಾಲಗೆಗೆ ರೂಢಿಯಾದ ಹೊಲಿಗೆ ಅದು,
ಕಣ್ಣು ಮುಚ್ಚಿದರೂ ನೆಟ್ಟಗೆ ಹೋಗುತ್ತದೆ.
ಈ ವಾರ ಎಷ್ಟು ಜನಕ್ಕೆ ಕೊಟ್ಟೆನೋ ಅದೇ ನಾಳೆಯನ್ನು!
ಒಂದು ಮೀಟರು ತುಂಡಿನಲ್ಲಿ
ನಲವತ್ತು ಅಂಗಿ ಕತ್ತರಿಸುತ್ತೇನೆಂದು ಹೊರಟವಳು ನಾನು.

ರಾತ್ರಿ ಹನ್ನೊಂದಕ್ಕೆ ಕರೆಂಟು ಹೋಯಿತು.
ಅರ್ಧ ತೋಳಿನಲ್ಲಿ ಸೂಜಿ ನಿಂತಿತು.
ಬಾಗಿಲಾಚೆ ಲಾರಿಗಳ ಬೆಳಕು
ಕಾಳಿಯ ಸೇತುವೆ ಕಡೆ ಒಂದೊಂದೇ ಹೋಗುತ್ತಿತ್ತು.
ಲೆಕ್ಕಕ್ಕೆ ಕೂತೆ, ಕತ್ತಲಲ್ಲಿ, ಬೆರಳಲ್ಲಿ.
ಅಂಗಿಗೆ ನಲವತ್ತು ನಿಮಿಷ, ಲಂಗಕ್ಕೆ ಇಪ್ಪತ್ತೈದು.
ಏಳು ದಿನಕ್ಕೆ ಹಂಚಿದರೆ
ದಿನಕ್ಕೆ ಹದಿನೇಳು ತಾಸು.
ಅನ್ನ, ಸ್ನಾನ, ಆಯಿಯ ಮಾತ್ರೆ,
ಈ ಹಾಳು ಕರೆಂಟು ಯಾವುದನ್ನೂ ಹಿಡಿಯದೆ.
ಮಶಿನ್ನಿನ ಮೇಲೆ ತಲೆಯಿಟ್ಟೆ.
ತಣ್ಣಗಿತ್ತು ಕಬ್ಬಿಣ. ಹೊಸ ಬಟ್ಟೆಯ ಗಂಜಿ ವಾಸನೆ.
ಅತ್ತೆನೋ ಇಲ್ಲವೋ, ಬೆಕ್ಕನ್ನು ಕೇಳಬೇಕು.

ಫೋನಿನ ಬೆಳಕಲ್ಲಿ ಅಳತೆ ಪುಸ್ತಕ ತೆರೆದೆ, ಸುಮ್ಮನೆ.
ಪ್ರಣಾಲಿ: ಹೋದ ವರ್ಷ ಎದೆ ಇಪ್ಪತ್ತಾರು, ಈಗ ಇಪ್ಪತ್ತೆಂಟು.
ಸಾಹಿಲ: ಉದ್ದ ಬೆಳೆದಿದ್ದಾನೆ, ಅಗಲ ಇಲ್ಲ.
ಪ್ರತಿ ಹೆಸರಿನ ಪಕ್ಕ ನನ್ನದೇ ಅಕ್ಷರ:
'ಕೆಳಗೆ ಎರಡಿಂಚು ಮಡಿಸಿ ಬಿಡುವುದು.'
ಯಾವ ತಾಯಿಯೂ ಹೇಳದೆ ಹೋಗಿಲ್ಲ,
ಸ್ವಲ್ಪ ದೊಡ್ಡದೇ ಇರಲಿ ಬಾಯಿ, ಮುಂದಿನ ವರ್ಷಕ್ಕೂ ಬರಲಿ.
ಊರಿನ ಎಲ್ಲ ಮಕ್ಕಳ ಕಾಲಿಗೂ
ಎರಡೆರಡು ಇಂಚು ಒಳಗೆ ಮಡಿಸಿಟ್ಟವಳು
ನನ್ನ ದಿನವನ್ನು ಮಾತ್ರ
ಅಂಚಿಗೇ ಕತ್ತರಿಸಿ ಹೊಲಿದಿದ್ದೇನೆ.
ಒಂದು ಸಲ ಬಗ್ಗಿದರೆ ಬಿರಿಯುತ್ತದೆ.

ಬೆಳಿಗ್ಗೆ ಮಶಿನ್ನು ಮುಟ್ಟಲಿಲ್ಲ. ಫೋನು ಹಿಡಿದೆ.
"ಒಂದು ಜೊತೆ ಮೊದಲು ಕೊಡ್ತೆ, ಇನ್ನೊಂದು ಹದಿನೈದಕ್ಕೆ."
ಕೆಲವರು ಹೂಂ ಅಂದರು. ಕೆಲವರು ಬೈದರು.
ಒಬ್ಬಳು ಬಂದು ಬಟ್ಟೆ ವಾಪಸು ಒಯ್ದಳು,
ಚೀಲಕ್ಕೆ ತುಂಬುವಾಗ ನನ್ನ ಮುಖ ನೋಡಲಿಲ್ಲ.
ಮಧ್ಯಾಹ್ನದವರೆಗೂ ಅದು ಚುಚ್ಚಿತು, ಮುರಿದ ಸೂಜಿಯ ತುದಿಯ ಹಾಗೆ.
ಆಮೇಲೆ ನೋಡಿದರೆ ಲೆಕ್ಕದಲ್ಲಿ ಮೂರು ತಾಸು ಮಿಕ್ಕಿತ್ತು.

ಕಾಜಾದ ಕೆಲಸ ಗಫೂರಣ್ಣನಿಗೆ ಕೊಟ್ಟೆ.
ಜೋಡಿಗೆ ಆರು ರೂಪಾಯಿ ಹೋಗುತ್ತದೆ, ಹೋಗಲಿ.
ಇವತ್ತಿಡೀ ಕಾಲರು, ಬರೇ ಕಾಲರು;
ನಾಳೆ ಬರೇ ತೋಳು.
ಗೋಡೆಯ ಮೇಲೆ ಚಾಕಿನಲ್ಲಿ ಹೆಸರು ಬರೆದೆ, ದಿನಕ್ಕೆ ಹತ್ತು.
ಹನ್ನೊಂದನೆಯದಕ್ಕೆ ಜಾಗವಿತ್ತು. ಬರೆಯಲಿಲ್ಲ.
ಒಂಬತ್ತೂವರೆಗೆ ಬಾಗಿಲೆಳೆದು ಮನೆಗೆ ಹೋದೆ.
ಎರಡು ದಿನ ಹಾಗೆ ನಡೆಯಿತು, ಮೂರನೇ ದಿನ ಇಲ್ಲ:
ದಾರ ಮುಗಿದು, ಆಯಿಗೆ ಜ್ವರ ಬಂದು,
ಗೋಡೆಯ ಆರು ಹೆಸರು ಒರೆಸಿ ಕೆಳಗೆ ಬರೆಯಬೇಕಾಯಿತು.
ಚಾಕಿನದಲ್ಲವೇ, ಒರೆಸಿದರೆ ಹೋಗುತ್ತದೆ.

ಒಂದನೇ ತಾರೀಕು ಎಂಟು ಗಂಟೆ, ಜಿಟಿಜಿಟಿ ಮಳೆ.
ಕೋಡಿಬಾಗ ಸ್ಟಾಪಿನಲ್ಲಿ ಮಕ್ಕಳ ಸಾಲು,
ಅಂಗಡಿಯ ಬಾಗಿಲಲ್ಲಿ ಚಹಾ ಹಿಡಿದ ನಾನು.
ಆ ಎಡ ತೋಳು ಚೂರು ಸೊಟ್ಟ, ನನಗಷ್ಟೇ ಕಾಣುತ್ತದೆ.
ಸಾಹಿಲನ ಚಡ್ಡಿ ಮೊಣಕಾಲು ದಾಟಿ ಬಂದಿದೆ,
ದೀಪಾವಳಿಯ ಹೊತ್ತಿಗೆ ಸರಿಯಾದೀತು.
ಕೊನೆಯಲ್ಲಿ ಪ್ರಣಾಲಿ, ಹೋದ ವರ್ಷದ್ದರಲ್ಲೇ,
ಮಡಿಕೆ ಬಿಚ್ಚಿದ ಕಡೆ ಲಂಗಕ್ಕೆ ಗಾಢ ನೀಲಿಯ ಗೆರೆ.
ಕೊಡೆಯಡಿಯಿಂದ ಅವಳ ತಾಯಿ ಕೂಗಿದಳು,
"ಸುಗಂಧಾ, ನಮ್ಮದು?"
ಗೋಡೆಯ ಕಡೆ ತಿರುಗಿ ನೋಡಿದೆ.
"ಇವತ್ತು," ಅಂದೆ.
ಹೇಳಿ ರೂಢಿಯಿಲ್ಲದ ಮಾತು, ಗಂಟಲಲ್ಲಿ ಸ್ವಲ್ಪ ತಡೆಯಿತು.
"ಇವತ್ತು. ಐದರ ಮೇಲೆ."